ಸ್ಟಾಕಿಗೆ ಮಾಡುವ ಕಂಪನಿ, ಆರ್ಡರಿಗೆ ಮಾಡುವ ಕಂಪನಿ: ಬಿಡಿಭಾಗ ತಯಾರಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳ ಮಾಲೀಕರಿಗೆ ಮತ್ತು ಅಲ್ಲಿ ಯೋಜನೆ, ಖರೀದಿ ನೋಡಿಕೊಳ್ಳುವವರಿಗೆ ಈ ಪುಟ. ಪೂರೈಕೆದಾರರ ಸಭೆಗಳಲ್ಲಿ ‘ನಾವೆಲ್ಲ ಪಾಲುದಾರರು’ ಎಂಬ ಮಾತು ಕೇಳಿಬರುತ್ತದೆ. ಮಾಹಿತಿ ಮತ್ತು ಸ್ಟಾಕಿನ ಹೊರೆ ಎರಡೂ ಹಂಚಿಕೆಯಾದಾಗ ಮಾತ್ರ ಆ ಮಾತಿಗೆ ಬೆಲೆ. ಏನನ್ನು, ಯಾವಾಗ ಹಂಚಿಕೊಳ್ಳಬೇಕು ಎಂಬುದು ಆ ಕಂಪನಿ ಯಾವ ಬಗೆಯಲ್ಲಿ ಉತ್ಪಾದನೆ ನಡೆಸುತ್ತದೆ ಎಂಬುದನ್ನು ಅವಲಂಬಿಸಿದೆ.

ಉತ್ಪಾದನಾ ತಂತ್ರ ಎಂದರೆ ಏನು? ಬ್ರಾಕೆಟ್, ಬುಷ್ ಮಾಡುವ ನಮಗೆ ಅದರಿಂದ ಏನಾಗಬೇಕು?

ಗ್ರಾಹಕರ ಆರ್ಡರ್ ಕಾರ್ಖಾನೆಯ ಕೆಲಸದ ಯಾವ ಹಂತದಲ್ಲಿ ಒಳಗೆ ಬರುತ್ತದೆ ಎಂಬುದರ ಮೇಲೆ ಈ ವಿಂಗಡಣೆ ನಿಂತಿದೆ. ಸೋಪು, ಬಿಸ್ಕತ್ತು, ಸೀಲಿಂಗ್ ಫ್ಯಾನ್ ಮಾಡುವವರು ಯಾರೂ ಕೇಳುವ ಮೊದಲೇ ಮಾಡಿ ಗೋದಾಮಿಗೆ ಕಳಿಸುತ್ತಾರೆ. ಇದು ಮೇಕ್ ಟು ಸ್ಟಾಕ್. ಭಾಗಗಳನ್ನು ಸಿದ್ಧವಾಗಿಟ್ಟುಕೊಂಡು ಆರ್ಡರ್ ಬಂದ ಮೇಲೆ ಜೋಡಿಸಿ ಕಳಿಸಿದರೆ ಅಸೆಂಬಲ್ ಟು ಆರ್ಡರ್. ನಕ್ಷೆ ಇದ್ದು, ಲೋಹ ಕತ್ತರಿಸುವ ಕೆಲಸ ಆರ್ಡರ್ ಬಂದ ಮೇಲೆ ಶುರುವಾದರೆ ಮೇಕ್ ಟು ಆರ್ಡರ್; ವಿಶೇಷ ಅಳತೆಯ ವಾಲ್ವ್, ಗೇರ್‌ಬಾಕ್ಸ್, ಯಂತ್ರೋಪಕರಣಗಳು ಈ ಗುಂಪಿನವು. ನಕ್ಷೆ ಬರೆಯುವುದೂ ಆರ್ಡರ್ ಬಂದ ಮೇಲೆಯೇ ಆದರೆ ಎಂಜಿನಿಯರ್ ಟು ಆರ್ಡರ್. ಯುದ್ಧವಿಮಾನ, ಮೆಟ್ರೋ ರೈಲು, ದೊಡ್ಡ ಬಾಯ್ಲರ್‌ಗಳು ಹೀಗೆ ತಯಾರಾಗುತ್ತವೆ.

ಆರ್ಡರ್ ಒಳಬರುವ ಆ ಹಂತಕ್ಕಿಂತ ಹಿಂದೆ ನಡೆಯುವ ಎಲ್ಲ ಕೆಲಸವೂ ಅಂದಾಜಿನ ಮೇಲೆ ನಡೆಯುತ್ತದೆ, ಅದರ ಮುಂದಿನದು ಖಚಿತ ಬೇಡಿಕೆಯ ಮೇಲೆ. ನಿಮ್ಮ ಬ್ರಾಕೆಟ್ ಹಿಂದಿನ ಭಾಗದಲ್ಲಿದ್ದರೆ ಗ್ರಾಹಕ ಕಂಪನಿಯ ಅಂದಾಜು ತಪ್ಪಿದಾಗ ಪೆಟ್ಟು ತಗಲುವುದು ನಿಮಗೆ. ಆದ್ದರಿಂದ ಆ ಅಂದಾಜು ಹೇಗೆ ತಯಾರಾಯಿತು ಎಂದು ಕೇಳುವ ಹಕ್ಕು ನಿಮಗಿದೆ.

ನಮ್ಮ ಗ್ರಾಹಕ ಕಂಪನಿ ಯಾವ ಬಗೆಯದು ಎಂದು ತಿಳಿಯುವುದು ಹೇಗೆ?

ಅವರ ಗೋದಾಮನ್ನು ನೋಡಿ. ಸಿದ್ಧ ಸರಕು ರಾಶಿ ಬಿದ್ದಿದ್ದರೆ ಸ್ಟಾಕಿಗೆ ಮಾಡುವವರು. ಬಿಡಿಭಾಗಗಳು ತುಂಬಿದ್ದು ಸಿದ್ಧ ಸರಕು ಕಡಿಮೆ ಇದ್ದರೆ ಜೋಡಣೆಯವರು. ಕಚ್ಚಾ ಲೋಹ ಬಿಟ್ಟು ಬೇರೇನೂ ಹೆಚ್ಚು ಕಾಣದಿದ್ದರೆ ಆರ್ಡರಿಗೆ ಮಾಡುವವರು. ಒಂದೇ ಕಂಪನಿ ಒಂದು ಮಾದರಿಯನ್ನು ಸ್ಟಾಕಿಗೂ ಇನ್ನೊಂದನ್ನು ಆರ್ಡರಿಗೂ ಮಾಡುವುದುಂಟು. ಹಾಗಾಗಿ ಕಂಪನಿಯ ಬಗ್ಗೆ ಮಾತ್ರ ಕೇಳಿದರೆ ಸಾಲದು, ನಿಮ್ಮ ಭಾಗ ಯಾವ ಮಾದರಿಗೆ ಹೋಗುತ್ತದೆ ಎಂದೂ ಕೇಳಿ.

ಒಂದು ವಾರ ಮೂರು ಪಟ್ಟು ಆರ್ಡರ್, ಮರುವಾರ ಏನೂ ಇಲ್ಲ. ಮಾರುಕಟ್ಟೆಯಲ್ಲಿ ಅಷ್ಟು ಏರಿಳಿತ ಇರುವುದಿಲ್ಲವಲ್ಲ?

ಇರುವುದಿಲ್ಲ. ಏರಿಳಿತ ಹುಟ್ಟುವುದು ಸರಪಳಿಯ ಒಳಗೇ. ಒಂದು ಸರಳ ಲೆಕ್ಕ ನೋಡೋಣ. ಒಂದು ಅಂಗಡಿ ವಾರಕ್ಕೆ 100 ಮಿಕ್ಸಿ ಮಾರುತ್ತದೆ. ಅಂಗಡಿ, ವಿತರಕ, ಕಾರ್ಖಾನೆ ಮೂವರೂ ಎರಡು ವಾರದ ಬೇಡಿಕೆಯಷ್ಟು, ಅಂದರೆ ತಲಾ 200ರಷ್ಟು ಸ್ಟಾಕ್ ಇಟ್ಟುಕೊಂಡಿದ್ದಾರೆ. ಒಂದು ವಾರ ಮಾರಾಟ 110ಕ್ಕೆ ಏರುತ್ತದೆ. ಅಂಗಡಿಯಲ್ಲಿ 90 ಉಳಿಯಿತು. ಹೊಸ ಲೆಕ್ಕದಲ್ಲಿ ಅದಕ್ಕೆ 220 ಬೇಕು, ಹಾಗಾಗಿ 130ಕ್ಕೆ ಆರ್ಡರ್ ಹಾಕುತ್ತದೆ. ವಿತರಕನಿಗೆ ಕಂಡದ್ದು 130ರ ಬೇಡಿಕೆ. ಅವನ ಬಳಿ 70 ಉಳಿದಿದೆ, ಬೇಕಿರುವುದು 260, ಆರ್ಡರ್ 190. ಕಾರ್ಖಾನೆಗೆ ಕಂಡದ್ದು 190. ಅಲ್ಲಿ ಉಳಿದದ್ದು 10, ಬೇಕಿರುವುದು 380, ಆದ್ದರಿಂದ ಮಿಕ್ಸಿಯ ಜಾರ್‌ಗೆ ಬ್ರಾಕೆಟ್ ಮಾಡುವ ನಿಮಗೆ 370ರ ಆರ್ಡರ್ ಬಂತು.

ಮರುವಾರವೂ ಅಂಗಡಿಯಲ್ಲಿ 110 ಮಾರಾಟವಾಯಿತು ಎಂದುಕೊಳ್ಳಿ. ಅಂಗಡಿಯ ಆರ್ಡರ್ 110. ವಿತರಕನ ಬಳಿ ಈಗ 150 ಇದೆ, 220 ಸಾಕು, ಅವನ ಆರ್ಡರ್ 70. ಕಾರ್ಖಾನೆಯಲ್ಲಿ 310 ಉಳಿದಿದೆ, ಅದರ ಲೆಕ್ಕಕ್ಕೆ 140 ಸಾಕು. ನಿಮಗೆ ಬಂದ ಆರ್ಡರ್ ಸೊನ್ನೆ. ಅಂಗಡಿಯಲ್ಲಿ ಶೇಕಡಾ 10ರಷ್ಟು ಏರಿಕೆ ಒಂದೇ ಸಲ ಆದದ್ದು. ನಿಮ್ಮ ಕಡೆ ಒಂದು ವಾರ ರಾತ್ರಿ ಪಾಳಿ, ಇನ್ನೊಂದು ವಾರ ಯಂತ್ರ ಖಾಲಿ. ಇಲ್ಲಿ ಯಾರೂ ತಪ್ಪು ಲೆಕ್ಕ ಹಾಕಿಲ್ಲ, ಮೋಸ ಮಾಡಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿನವರ ಆರ್ಡರನ್ನೇ ಬೇಡಿಕೆ ಎಂದು ನಂಬಿದರು, ಅಷ್ಟೇ.

ಇದನ್ನು ಬುಲ್‌ವಿಪ್ (ಚಾಟಿ) ಪರಿಣಾಮ ಎನ್ನುತ್ತಾರೆ. ಮಗುವಿನ ಡೈಪರಿನ ಬಳಕೆ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ತನಗೆ ಬರುವ ಆರ್ಡರುಗಳು ಏಕೆ ಇಷ್ಟು ಜಿಗಿಯುತ್ತವೆ ಎಂದು ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿ ಹುಡುಕಹೊರಟಾಗ ಈ ಹೆಸರು ಚಾಲ್ತಿಗೆ ಬಂತು. ಅಂಗಡಿಯ ದಿನದ ಮಾರಾಟದ ಅಂಕಿಯನ್ನು ಸರಪಳಿಯ ಎಲ್ಲರೂ ನೇರವಾಗಿ ನೋಡುವಂತಾಗುವುದೇ ಇದಕ್ಕೆ ನಿಜವಾದ ಮದ್ದು. ನಿಮ್ಮ ಕೈಯಲ್ಲಿ ಅಂಥ ಶಕ್ತಿ ಇಲ್ಲದಿರಬಹುದು. ಆದರೂ ‘ಆರ್ಡರಿನ ಜೊತೆಗೆ ನಿಮ್ಮ ಜೋಡಣಾ ಸಾಲಿನಲ್ಲಿ ಕಳೆದ ವಾರ ನಿಜಕ್ಕೂ ಎಷ್ಟು ಬಳಕೆಯಾಯಿತು ಎಂಬ ಅಂಕಿಯನ್ನೂ ಕಳಿಸಿ’ ಎಂದು ಕೇಳಬಹುದು. ಸ್ಟಾಕಿಗೆ ಮಾಡುವ ಕಂಪನಿಯಿಂದ ನೀವು ಪಡೆಯಬಹುದಾದ ಅತ್ಯಂತ ಬೆಲೆಬಾಳುವ ಮಾಹಿತಿ ಅದು.

ಮುಂದಿನ ಮೂರು ತಿಂಗಳ ಅಂದಾಜು ನೋಡಿ ಉಕ್ಕು ತರಿಸಿದೆವು, ಆರ್ಡರ್ ಅರ್ಧಕ್ಕೆ ಇಳಿಯಿತು. ನಷ್ಟ ಯಾರದು?

ಲಿಖಿತವಾಗಿ ಏನೂ ಇಲ್ಲದಿದ್ದರೆ ನಿಮ್ಮದೇ ಆಗುತ್ತದೆ. ಮುಂದಿನ ಸಲಕ್ಕೆ ಈಗಲೇ ಒಪ್ಪಂದದಲ್ಲಿ ಮೂರು ಅವಧಿಗಳನ್ನು ಬೇರೆ ಮಾಡಿಸಿ. ಮೊದಲ ಕೆಲವು ವಾರಗಳ ಸಂಖ್ಯೆ ಖಚಿತ, ಅದನ್ನು ಬದಲಿಸಿದರೆ ತಯಾರಾದ ಸರಕನ್ನು ಗ್ರಾಹಕ ಕಂಪನಿಯೇ ಎತ್ತಿಕೊಳ್ಳಬೇಕು. ಎರಡನೆಯ ಅವಧಿಯ ಸಂಖ್ಯೆಗೆ ಕಚ್ಚಾಮಾಲಿನ ಹೊಣೆ ಕಂಪನಿಯದು, ಯಂತ್ರದ ಕೆಲಸದ ಹೊಣೆ ಅಲ್ಲ. ಅದರಾಚೆಯದು ಬರಿಯ ಅಂದಾಜು, ಇಬ್ಬರಿಗೂ ಹೊಣೆಯಿಲ್ಲ. ವಾಹನ ಉದ್ಯಮದ ದೊಡ್ಡ ಒಪ್ಪಂದಗಳಲ್ಲಿ ಈ ಪದ್ಧತಿ ಬಹಳ ಹಿಂದಿನಿಂದಲೂ ಇದೆ. ಸಣ್ಣ ಘಟಕದವರು ಕೇಳುವುದಿಲ್ಲವಾದ್ದರಿಂದ ಅವರಿಗೆ ಸಿಗುವುದಿಲ್ಲ.

ಅವಧಿ ಎಷ್ಟಿರಬೇಕು ಎಂಬುದಕ್ಕೆ ನಿಮ್ಮ ಉಕ್ಕಿನ ವ್ಯಾಪಾರಿ ಮಾಲು ತಲುಪಿಸಲು ತೆಗೆದುಕೊಳ್ಳುವ ಕಾಲವೇ ಅಳತೆ. ಉಕ್ಕು ಬರಲು ಆರು ವಾರ ಬೇಕಿದ್ದು ಖಚಿತ ಆರ್ಡರ್ ಎರಡು ವಾರದ್ದು ಮಾತ್ರ ಆಗಿದ್ದರೆ, ಉಳಿದ ನಾಲ್ಕು ವಾರದ ಜೂಜನ್ನು ನೀವು ಆಡುತ್ತಿದ್ದೀರಿ. ಈ ಅಂತರವನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಖರೀದಿ ವಿಭಾಗದವರು ತಳ್ಳಿಹಾಕುವುದು ಕಷ್ಟ.

‘ನಿಮ್ಮ ಸ್ಟಾಕನ್ನು ನಮ್ಮ ಗೋದಾಮಿನಲ್ಲೇ ಇಡಿ, ಬಳಸಿದಷ್ಟಕ್ಕೆ ಬಿಲ್ ಮಾಡಿ’ ಎನ್ನುತ್ತಾರೆ. ಒಪ್ಪಬಹುದೇ?

ಇಲ್ಲಿ ಎರಡು ವಿಷಯಗಳು ಕಲೆತಿವೆ. ಸ್ಟಾಕ್ ಎಷ್ಟಿರಬೇಕು ಎಂದು ಯಾರು ತೀರ್ಮಾನಿಸುತ್ತಾರೆ ಎಂಬುದು ಒಂದು. ಬಳಕೆಯಾಗುವವರೆಗೆ ಆ ಸರಕಿನ ಒಡೆತನ ಯಾರದು ಎಂಬುದು ಇನ್ನೊಂದು. 1980ರ ದಶಕದ ಕೊನೆಯಲ್ಲಿ ವಾಲ್‌ಮಾರ್ಟ್ ತನ್ನ ಮಾರಾಟದ ಮಾಹಿತಿಯನ್ನು ಪ್ರಾಕ್ಟರ್ ಆಂಡ್ ಗ್ಯಾಂಬಲ್‌ಗೆ ಕೊಡತೊಡಗಿತು, ಎಷ್ಟು ಸರಕು ಕಳಿಸಬೇಕು ಎಂಬುದನ್ನು ಪೂರೈಕೆದಾರ ಕಂಪನಿಯೇ ನಿರ್ಧರಿಸಿತು. ಆ ನಿರ್ಧಾರದ ಅಧಿಕಾರವೇ ಅದರ ಜೀವ.

ನಮ್ಮಲ್ಲಿ ಹಲವು ಕಡೆ ಅಧಿಕಾರ ಕೊಡದೆ ಒಡೆತನವನ್ನು ಮಾತ್ರ ದಾಟಿಸುತ್ತಾರೆ. ಕನಿಷ್ಠ ಇಷ್ಟು ಇರಬೇಕು, ಕಡಿಮೆಯಾದರೆ ದಂಡ ಎಂದು ಹೇಳುತ್ತಾರೆ, ಬಳಕೆಯ ಅಂಕಿ ಕೊಡುವುದಿಲ್ಲ. ಅದನ್ನು ನಾನು ಸಹಯೋಗ ಎಂದು ಕರೆಯಲಾರೆ, ಅದು ಬಡ್ಡಿಯಿಲ್ಲದ ಸಾಲ. ಒಪ್ಪುವುದಾದರೆ ದಿನದ ಬಳಕೆಯ ಅಂಕಿ ನಿಮಗೆ ಕಾಣಬೇಕು. ಕನಿಷ್ಠದ ಜೊತೆ ಗರಿಷ್ಠ ಮಿತಿಯೂ ಇರಬೇಕು. ಇಂತಿಷ್ಟು ದಿನ ಬಳಕೆಯಾಗದೆ ಉಳಿದ ಸರಕು ತಾನಾಗಿ ಖರೀದಿಯಾದಂತೆ ಎಂಬ ಷರತ್ತು ಇರಬೇಕು. ಗೋದಾಮಿನಲ್ಲಿ ಕಳೆದುಹೋದದ್ದಕ್ಕೆ, ತುಕ್ಕು ಹಿಡಿದದ್ದಕ್ಕೆ ಯಾರು ಹೊಣೆ ಎಂದೂ ಬರೆಸಿ. ಮಾದರಿ ಬದಲಾದಾಗ ಹಳೆಯ ಭಾಗ ಉಳಿದೇ ಉಳಿಯುತ್ತದೆ, ಹೆಚ್ಚಿನ ಜಗಳ ಹುಟ್ಟುವುದು ಅಲ್ಲಿಯೇ.

ಆರ್ಡರ್ ಬಂದ ಮೇಲೆ ಜೋಡಿಸುವ ಕಂಪನಿಗಳ ಜೊತೆ ಕೆಲಸ ಹೇಗೆ ಬೇರೆ?

ಅಲ್ಲಿ ಒಟ್ಟು ಸಂಖ್ಯೆಗಿಂತ ಮಿಶ್ರಣ ಮುಖ್ಯ. ತಿಂಗಳಿಗೆ ಸಾವಿರ ಯಂತ್ರ ಎಂಬ ಅಂದಾಜು ಸರಿಯಾಗಿಯೇ ಇರುತ್ತದೆ, ಅದರಲ್ಲಿ ನೀಲಿ ಎಷ್ಟು, ಕೆಂಪು ಎಷ್ಟು ಎಂಬುದು ತಪ್ಪುತ್ತದೆ. ಆದ್ದರಿಂದ ವ್ಯತ್ಯಾಸ ಹುಟ್ಟುವ ಕೆಲಸವನ್ನು ಎಷ್ಟು ತಡವಾಗಿ ಮಾಡಬಹುದು ಎಂದು ಗ್ರಾಹಕರೂ ಪೂರೈಕೆದಾರರೂ ಒಟ್ಟಿಗೆ ಕುಳಿತು ಹುಡುಕಬೇಕು.

ಎಚ್‌ಪಿ ಕಂಪನಿಯ ಡೆಸ್ಕ್‌ಜೆಟ್ ಪ್ರಿಂಟರ್ ಇದಕ್ಕೆ ಹೆಸರಾದ ನಿದರ್ಶನ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಕಾರ್ಖಾನೆಯಿಂದ ಯುರೋಪಿಗೆ ಹಡಗಿನಲ್ಲಿ ಸರಕು ತಲುಪಲು ಸುಮಾರು ಒಂದು ತಿಂಗಳು ಬೇಕಿತ್ತು. ಒಂದು ದೇಶದ ವಿದ್ಯುತ್ ಪ್ಲಗ್ಗು, ಕೈಪಿಡಿ ಇರುವ ಪ್ರಿಂಟರ್ ಗೋದಾಮಿನಲ್ಲಿ ಹೆಚ್ಚಾಗಿ ಉಳಿದರೆ ಇನ್ನೊಂದು ದೇಶದ್ದು ಖಾಲಿಯಾಗುತ್ತಿತ್ತು. ಕೊನೆಗೆ ಎಲ್ಲರಿಗೂ ಒಂದೇ ಬಗೆಯ ಪ್ರಿಂಟರ್ ಕಳಿಸಿ, ಆಯಾ ದೇಶದ ಪವರ್ ಸಪ್ಲೈ ಮತ್ತು ಕೈಪಿಡಿಯನ್ನು ವಿತರಣಾ ಕೇಂದ್ರದಲ್ಲಿ ಸೇರಿಸಿದರು. ಅದಕ್ಕಾಗಿ ಪವರ್ ಸಪ್ಲೈಯನ್ನು ಹೊರಗಿನಿಂದ ಸಿಕ್ಕಿಸುವಂತೆ ಪ್ರಿಂಟರಿನ ವಿನ್ಯಾಸವನ್ನೇ ಬದಲಿಸಬೇಕಾಯಿತು. ಗೋದಾಮಿನ ತೊಂದರೆಗೆ ಪರಿಹಾರ ಸಿಕ್ಕಿದ್ದು ವಿನ್ಯಾಸದ ಮೇಜಿನಲ್ಲಿ.

ನಿಮ್ಮ ಕೆಲಸಕ್ಕೂ ಇದು ಅನ್ವಯಿಸುತ್ತದೆ. ಒಂದೇ ಬ್ರಾಕೆಟ್ಟಿನ ನಾಲ್ಕು ಮಾದರಿಗಳಲ್ಲಿ ರಂಧ್ರದ ಸ್ಥಾನ ಮಾತ್ರ ಬೇರೆ ಇದ್ದರೆ, ಕತ್ತರಿಸಿ ಬಗ್ಗಿಸಿದ ಖಾಲಿ ಬ್ರಾಕೆಟ್ಟನ್ನು ಸ್ಟಾಕ್ ಇಟ್ಟು ರಂಧ್ರವನ್ನು ಆರ್ಡರ್ ಬಂದ ಮೇಲೆ ಹಾಕಬಹುದೇ ಎಂದು ಯೋಚಿಸಿ. ಬಹುದಾದರೆ ಆ ಸಲಹೆಯನ್ನು ನೀವೇ ಮುಂದಿಡಿ. ಅಂಥ ಮಾತು ಕಾರ್ಖಾನೆಯ ನೆಲದಿಂದಲೇ ಬರಬೇಕು, ಖರೀದಿ ವಿಭಾಗಕ್ಕೆ ತೋಚುವುದಿಲ್ಲ.

ಜಸ್ಟ್ ಇನ್ ಟೈಮ್ ಎಂದರೆ ಸ್ಟಾಕನ್ನು ನಮ್ಮ ತಲೆಗೆ ಕಟ್ಟುವುದೇ ಅಲ್ಲವೇ?

ಕೆಟ್ಟದಾಗಿ ಜಾರಿಗೆ ತಂದಾಗ ಹೌದು. ಬೇಕಾದ ಭಾಗವನ್ನು ಬೇಕಾದ ಹೊತ್ತಿಗೆ, ಬೇಕಾದಷ್ಟೇ ತರಿಸಿಕೊಳ್ಳುವ, ಟೊಯೊಟಾದಲ್ಲಿ ರೂಪುಗೊಂಡ ಈ ಪದ್ಧತಿಗೆ ಒಂದು ಪೂರ್ವಷರತ್ತು ಇದೆ, ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದರ ಹೆಸರು ಹೈಜುಂಕಾ, ಅಂದರೆ ಉತ್ಪಾದನೆಯನ್ನು ಸಮ ಮಾಡುವುದು. ತಿಂಗಳ ಮೊದಲ ವಾರ ಒಂದು ಮಾದರಿ, ಎರಡನೆಯ ವಾರ ಇನ್ನೊಂದು ಎಂದು ಗುಂಪು ಗುಂಪಾಗಿ ಮಾಡದೆ, ಪ್ರತಿದಿನವೂ ಎಲ್ಲ ಮಾದರಿಗಳನ್ನು ಬೆರೆಸಿ ಮಾಡುತ್ತಾರೆ. ಆಗ ಪ್ರತಿ ಭಾಗದ ದಿನದ ಬಳಕೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಾನ್‌ಬಾನ್ ಚೀಟಿ ಕೆಲಸ ಮಾಡುವುದು ಈ ಸಮತೆಯ ಮೇಲೆ. ಇಂತಿಷ್ಟು ಭಾಗಗಳಿರುವ ಒಂದು ಪೆಟ್ಟಿಗೆ, ಅದಕ್ಕೊಂದು ಚೀಟಿ. ಪೆಟ್ಟಿಗೆ ಬಳಕೆಗೆ ತೆರೆದಾಗ ಚೀಟಿ ಹಿಂದಕ್ಕೆ ಬರುತ್ತದೆ, ಚೀಟಿ ಬಂದರೆ ಮಾತ್ರ ಮತ್ತೊಂದು ಪೆಟ್ಟಿಗೆ ತಯಾರಾಗುತ್ತದೆ.

1999ರ ಕೊನೆಯಲ್ಲಿ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕ್ವಾಲಿಸ್ ತಯಾರಿಸಲು ಶುರುಮಾಡಿತು. ಕಾರ್ಖಾನೆಯ ಸುತ್ತಲೇ ಪೂರೈಕೆದಾರರ ಘಟಕಗಳೂ ಬಂದವು. ಹತ್ತಿರವಿದ್ದರೆ ಸಣ್ಣ ಸಣ್ಣ ಕಂತುಗಳಲ್ಲಿ ದಿನಕ್ಕೆ ಹಲವು ಸಲ ಕಳಿಸುವುದು ಸಾಧ್ಯ. ಒಂದೇ ಲಾರಿ ನಾಲ್ಕಾರು ಪೂರೈಕೆದಾರರ ಬಳಿ ಹೋಗಿ ಸ್ವಲ್ಪ ಸ್ವಲ್ಪ ತುಂಬಿಕೊಂಡು ಬರುವ ಮಿಲ್ಕ್ ರನ್ ಪದ್ಧತಿಗೂ ಇದೇ ಆಧಾರ. ದೂರದ ಘಟಕಕ್ಕೆ ಇದನ್ನೇ ಹೇರಿದರೆ, ಆ ಘಟಕದವರು ಗ್ರಾಹಕ ಕಂಪನಿಯ ಗೇಟಿನ ಬಳಿ ಗೋದಾಮು ಬಾಡಿಗೆಗೆ ಹಿಡಿದು ಸ್ಟಾಕ್ ಇಡುತ್ತಾರೆ. ಒಟ್ಟು ಸರಪಳಿಯಲ್ಲಿ ಸ್ಟಾಕ್ ಒಂದು ತುಂಡೂ ಕಡಿಮೆಯಾಗಿರುವುದಿಲ್ಲ.

ಹಾಗಾಗಿ ಜಸ್ಟ್ ಇನ್ ಟೈಮ್ ಎಂದು ಕೇಳುವ ಕಂಪನಿಗೆ ಒಂದೇ ಪ್ರಶ್ನೆ ಹಾಕಿ: ಕಳೆದ ತಿಂಗಳು ನಮ್ಮ ಭಾಗದ ದಿನದ ಬಳಕೆ ಗರಿಷ್ಠ ಎಷ್ಟು, ಕನಿಷ್ಠ ಎಷ್ಟು? ಎರಡರ ನಡುವೆ ನಾಲ್ಕೈದು ಪಟ್ಟು ಅಂತರವಿದ್ದರೆ ಅಲ್ಲಿ ಸಮತೆ ಇಲ್ಲ. ಸಮತೆ ಇಲ್ಲದ ಕಡೆ ನಿಮ್ಮಿಂದ ಸ್ಟಾಕಿಲ್ಲದ ಪೂರೈಕೆಯನ್ನು ಕೇಳುವುದು ನ್ಯಾಯವಲ್ಲ.

ಅಷ್ಟು ಕಡಿಮೆ ಸ್ಟಾಕಿನಲ್ಲಿ ಅವಘಡ ಸಂಭವಿಸಿದರೆ?

1997ರ ಫೆಬ್ರವರಿ 1, ಶನಿವಾರ ಬೆಳಗಿನ ಜಾವ ಜಪಾನಿನ ಕರಿಯಾದಲ್ಲಿರುವ ಐಸಿನ್ ಸೈಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಪಿ-ವಾಲ್ವ್ ಎಂಬ ಸಣ್ಣ ಭಾಗವನ್ನು ಬಹುಪಾಲು ಆ ಒಂದೇ ಕಾರ್ಖಾನೆ ಮಾಡುತ್ತಿತ್ತು. ಟೊಯೊಟಾ ಬಳಿ ಇದ್ದದ್ದು ಕೆಲವೇ ಗಂಟೆಗಳ ಸ್ಟಾಕ್. ಕೆಲವು ದಿನಗಳಲ್ಲಿ ಜಪಾನಿನ ಅದರ ಜೋಡಣಾ ಸಾಲುಗಳೆಲ್ಲ ಹೆಚ್ಚುಕಡಿಮೆ ನಿಂತವು.

ಆಮೇಲೆ ನಡೆದದ್ದನ್ನು ಪ್ರತಿಯೊಬ್ಬ ಬಿಡಿಭಾಗ ತಯಾರಕರೂ ತಿಳಿದಿರಬೇಕು. ಐಸಿನ್ ತನ್ನ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಸುಮಾರು 200 ಕಂಪನಿಗಳು ಕೆಲಸಕ್ಕೆ ಇಳಿದವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕೂಡ ತನ್ನ ಯಂತ್ರಗಳನ್ನು ಹೊಂದಿಸಿಕೊಂಡು ವಾಲ್ವ್ ಮಾಡಿತು. ಐಸಿನ್ ಬಳಸುತ್ತಿದ್ದ ವಿಶೇಷ ಯಂತ್ರಗಳು ಅವರಲ್ಲಿ ಇರಲಿಲ್ಲ. ಒಬ್ಬೊಬ್ಬರೂ ತಮ್ಮಲ್ಲಿದ್ದ ಸಾಮಾನ್ಯ ಯಂತ್ರಗಳಲ್ಲಿಯೇ ದಾರಿ ಕಂಡುಕೊಂಡರು, ಕಂಡುಕೊಂಡದ್ದನ್ನು ಇತರರಿಗೆ ಹೇಳಿದರು. ಬೆಲೆ ಎಷ್ಟು ಎಂಬ ಚೌಕಾಸಿ ಮೊದಲು ನಡೆಯಲಿಲ್ಲ, ಲೆಕ್ಕ ಆಮೇಲೆ ಇತ್ಯರ್ಥವಾಯಿತು. ಒಂದು ವಾರದ ಆಸುಪಾಸಿನಲ್ಲಿ ಸಾಲುಗಳು ಮತ್ತೆ ಓಡತೊಡಗಿದವು. ವರ್ಷಗಟ್ಟಲೆ ಒಬ್ಬರ ಕಾರ್ಖಾನೆಗೆ ಒಬ್ಬರು ಹೋಗಿ ಬಂದು ರೂಢಿಯಾಗಿರದಿದ್ದರೆ ಇದು ಸಾಧ್ಯವಿರಲಿಲ್ಲ.

ಹಾಗೆಂದು ಸ್ಟಾಕ್ ಬೇಡವೇ ಬೇಡ ಎಂದು ಟೊಯೊಟಾ ಕುಳಿತಿಲ್ಲ. 2011ರ ಮಾರ್ಚ್ ಭೂಕಂಪ ಮತ್ತು ಸುನಾಮಿಯಲ್ಲಿ ಚಿಪ್ ಕಾರ್ಖಾನೆಗಳು ನಿಂತಾಗ ಪೆಟ್ಟು ತಿಂದು, ಮರಳಿ ಪಡೆಯಲು ದೀರ್ಘಕಾಲ ಬೇಕಾಗುವ ಭಾಗಗಳ ಪಟ್ಟಿ ಮಾಡಿತು. ಚಿಪ್‌ಗಳನ್ನು ಎರಡರಿಂದ ಆರು ತಿಂಗಳವರೆಗಿನಷ್ಟು ಇಟ್ಟುಕೊಳ್ಳುವಂತೆ ಪೂರೈಕೆದಾರರನ್ನು ಕೇಳಿಕೊಂಡಿತು. 2021ರ ಚಿಪ್ ಕೊರತೆಯ ಮೊದಲ ತಿಂಗಳುಗಳಲ್ಲಿ ಇತರರ ಸಾಲು ನಿಂತಾಗ ಅದರದು ನಡೆಯಲು ಇದೂ ಕಾರಣ. ಯಾವ ಭಾಗಕ್ಕೆ ಗಂಟೆಗಳ ಸ್ಟಾಕ್ ಸಾಕು, ಯಾವುದಕ್ಕೆ ತಿಂಗಳುಗಳದ್ದು ಬೇಕು ಎಂದು ಒಟ್ಟಿಗೆ ಕುಳಿತು ಬೇರ್ಪಡಿಸುವುದೇ ಜಾಣತನ.

ನಾವು ಪೂರಾ ಆರ್ಡರಿಗೆ ಮಾಡುವವರು. ನಮ್ಮ ಯಂತ್ರದ ಕೆಲಸ ಎರಡೇ ದಿನದ್ದು, ಸರಕು ಹೊರಡಲು ಮೂರು ವಾರ ಆಗುತ್ತದೆ. ಏಕೆ?

ನಿಮ್ಮ ಭಾಗದ ಹಿಂದೆಯೇ ನಡೆದು ನೋಡಿ. ಒಂದು ಶಾಫ್ಟ್ ಎಂದುಕೊಳ್ಳಿ. ಟರ್ನಿಂಗ್ ಮುಗಿದ ಮೇಲೆ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ಗಡಸು ಮಾಡುವ) ಘಟಕಕ್ಕೆ ಟೆಂಪೋದಲ್ಲಿ ಹೋಗುತ್ತದೆ. ಅಲ್ಲಿ ಕುಲುಮೆಯೊಳಗೆ ಇರುವುದು ಕೆಲವು ಗಂಟೆ, ಕುಲುಮೆಯ ಹೊರಗೆ ಕಾಯುವುದು ಕೆಲವು ದಿನ. ಒಂದೇ ಬಗೆಯ ಉಕ್ಕು, ಒಂದೇ ಆಳದ ಗಡಸುತನ ಬೇಕಾದ ಸರಕು ತುಂಬುವವರೆಗೆ ಅವರು ಕುಲುಮೆ ಹೊತ್ತಿಸುವುದಿಲ್ಲ. ಅರ್ಧ ಖಾಲಿ ಕುಲುಮೆಗೂ ವಿದ್ಯುತ್ ಹೆಚ್ಚುಕಡಿಮೆ ಅಷ್ಟೇ ಬೇಕು. ಅಲ್ಲಿಂದ ಗ್ರೈಂಡಿಂಗ್, ಅಲ್ಲಿಂದ ಪ್ಲೇಟಿಂಗ್. ಒಂದೊಂದು ಕಡೆಯೂ ಸರದಿ.

ಆರ್ಡರಿಗೆ ಮಾಡುವ ಸರಪಳಿಯಲ್ಲಿ ಸ್ಟಾಕಿನ ಬದಲು ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು. ಮುಂದಿನ ವಾರ ಯಾವ ಉಕ್ಕಿನ ಎಷ್ಟು ಕಿಲೋ ಬರಲಿದೆ ಎಂದು ಹೀಟ್ ಟ್ರೀಟ್‌ಮೆಂಟಿನವರಿಗೆ ಮೊದಲೇ ಹೇಳಿ. ಅಕ್ಕಪಕ್ಕದ ಇಬ್ಬರು ಮೂವರು ತಯಾರಕರು ಒಂದೇ ಬಗೆಯ ಸರಕನ್ನು ಒಂದೇ ದಿನ ಕಳಿಸುವಂತೆ ಮಾತಾಡಿಕೊಂಡರೆ ಕುಲುಮೆ ಅಂದೇ ತುಂಬುತ್ತದೆ. ಪೀಣ್ಯದಂಥ ಕಡೆ ಇವರೆಲ್ಲ ಕೂಗಳತೆಯಲ್ಲಿದ್ದಾರೆ, ಬೇರೆ ಊರಿನವರಿಗೆ ಇಲ್ಲದ ಅನುಕೂಲ ಅದು.

ಮಾಹಿತಿ ಕೈ ತಪ್ಪಿದರೆ ತಡವಾಗುವುದಷ್ಟೇ ಅಲ್ಲ, ಭಾಗವೇ ಹಾಳಾಗುತ್ತದೆ. ಹೆಚ್ಚು ಗಡಸು ಮಾಡಿದ ಉಕ್ಕಿಗೆ ಸತುವಿನ ಲೇಪನ ಮಾಡುವಾಗ ಹೈಡ್ರೋಜನ್ ಒಳಸೇರುತ್ತದೆ. ಲೇಪನವಾದ ಕೆಲವೇ ಗಂಟೆಗಳೊಳಗೆ ಒಲೆಯಲ್ಲಿ ಬೇಯಿಸಿ ಅದನ್ನು ಹೊರಹಾಕದಿದ್ದರೆ ಬೋಲ್ಟು ನೋಡಲು ಚೆನ್ನಾಗಿಯೇ ಇದ್ದು, ಬಿಗಿದ ಮೇಲೆ ಒಂದು ದಿನ ತಾನಾಗಿ ಮುರಿಯುತ್ತದೆ. ಪ್ಲೇಟಿಂಗ್ ಘಟಕಕ್ಕೆ ಗಡಸುತನ ಎಷ್ಟು ಎಂದು ತಿಳಿದರೆ ಮಾತ್ರ ಅವರು ಬೇಯಿಸುತ್ತಾರೆ. ಚಲನ್ ಮೇಲೆ ಸಂಖ್ಯೆ, ತೂಕದ ಜೊತೆ ಗಡಸುತನವನ್ನೂ ‘ಬೇಕಿಂಗ್ ಕಡ್ಡಾಯ’ ಎಂಬ ಸೂಚನೆಯನ್ನೂ ಬರೆಯುವುದು ಸಹಯೋಗದ ಅತ್ಯಂತ ಅಗ್ಗದ, ಅತ್ಯಂತ ಅಗತ್ಯದ ರೂಪ.

ವಿಮಾನ, ಮೆಟ್ರೋದಂಥ ಕೆಲಸಗಳಲ್ಲಿ ನಕ್ಷೆಯೇ ಬದಲಾಗುತ್ತಿರುತ್ತದೆ. ಅಲ್ಲಿ ಪಾಲುದಾರಿಕೆ ಹೇಗಿರಬೇಕು?

ಇಲ್ಲಿ ಅಪಾಯ ಹೆಚ್ಚು, ಕಲಿಯುವುದೂ ಹೆಚ್ಚು. ಬೋಯಿಂಗ್ 787 ವಿಮಾನದ ಕಥೆಯನ್ನು ಗಮನಿಸಿ. ರೆಕ್ಕೆ ಜಪಾನಿನಿಂದ, ಒಡಲಿನ ಭಾಗಗಳು ಇಟಲಿ, ಜಪಾನ್ ಮತ್ತು ಅಮೆರಿಕದ ಬೇರೆ ಕಂಪನಿಗಳಿಂದ ಬಂದು ಕೊನೆಯ ಜೋಡಣೆ ಮಾತ್ರ ಬೋಯಿಂಗಿನದು ಎಂದು ಯೋಜಿಸಲಾಗಿತ್ತು. ವಿವರದ ವಿನ್ಯಾಸವನ್ನೂ ಹೂಡಿಕೆಯನ್ನೂ ಪಾಲುದಾರರಿಗೆ ವಹಿಸಲಾಯಿತು. 2007ರ ಜುಲೈ 8ರಂದು ಮೊದಲ ವಿಮಾನವನ್ನು ಜಗತ್ತಿಗೆ ತೋರಿಸಿದಾಗ ಅದು ಹೊರನೋಟಕ್ಕೆ ಮಾತ್ರ ಪೂರ್ಣವಾಗಿತ್ತು. ಸರಿಯಾದ ಫಾಸ್ಟನರುಗಳು (ಭಾಗಗಳನ್ನು ಬಿಗಿದು ಸೇರಿಸುವ ಬೋಲ್ಟಿನಂಥವು) ಸಿಗದೆ ತಾತ್ಕಾಲಿಕವಾದವನ್ನು ಬಳಸಲಾಗಿತ್ತು. 2008ರ ಮೇ ತಿಂಗಳಲ್ಲಿ ಆಗಬೇಕಿದ್ದ ಮೊದಲ ಹಸ್ತಾಂತರ ಆದದ್ದು 2011ರ ಸೆಪ್ಟೆಂಬರಿನಲ್ಲಿ. ಈ ನಡುವೆ ದಕ್ಷಿಣ ಕೆರೊಲಿನಾದಲ್ಲಿದ್ದ ವೋಟ್ ಎಂಬ ಪೂರೈಕೆದಾರರ ಘಟಕವನ್ನು ಬೋಯಿಂಗ್ ತಾನೇ ಕೊಂಡುಕೊಳ್ಳಬೇಕಾಯಿತು. ಅಪಾಯವನ್ನು ಹಂಚಿದ್ದರು, ಆದರೆ ಎರಡನೆಯ, ಮೂರನೆಯ ಹಂತದ ಪೂರೈಕೆದಾರರಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಕಣ್ಣನ್ನು ಕಳೆದುಕೊಂಡಿದ್ದರು.

ನಮ್ಮ ಬೆಂಗಳೂರಿನದೇ ಇನ್ನೊಂದು ಕಥೆ. 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ ಎಚ್‌ಎಎಲ್ ಜೊತೆ 2021ರ ಫೆಬ್ರವರಿಯಲ್ಲಿ ಸುಮಾರು 48,000 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಅದೇ ವರ್ಷ ಎಚ್‌ಎಎಲ್ ಅಮೆರಿಕದ ಜಿಇ ಕಂಪನಿಯಿಂದ 99 ಎಫ್404 ಎಂಜಿನುಗಳನ್ನು ಕೇಳಿತು. ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚಿನಲ್ಲಿ. ಹಿಂದಿನ 65 ಎಂಜಿನುಗಳ ಪೂರೈಕೆ 2016ರಲ್ಲಿ ಮುಗಿದ ಮೇಲೆ ಹೊಸ ಆರ್ಡರ್ ನಿರೀಕ್ಷೆ ಇಲ್ಲದೆ ಉತ್ಪಾದನಾ ಸಾಲನ್ನೇ ಮುಚ್ಚಿದ್ದೆವು, ಅದನ್ನೂ ಅದರ ಜಾಗತಿಕ ಪೂರೈಕೆದಾರರನ್ನೂ ಮತ್ತೆ ಎಬ್ಬಿಸಬೇಕಾಯಿತು ಎಂಬುದು ಜಿಇ ಕೊಟ್ಟ ವಿವರಣೆ. ಸಾಲು ಒಮ್ಮೆ ತಣ್ಣಗಾದರೆ ಕೆಲಸ ಬಲ್ಲವರು ಚದುರುತ್ತಾರೆ, ಅವರ ಹಿಂದಿನ ಸಣ್ಣ ಘಟಕಗಳು ಬೇರೆ ಕೆಲಸ ಹಿಡಿಯುತ್ತವೆ. ಇಂಥ ಉದ್ಯಮದಲ್ಲಿ ಐದು ವರ್ಷ ಮುಂದಿನ ಇರಾದೆಯನ್ನು, ಅದು ಖಚಿತವಲ್ಲದಿದ್ದರೂ, ಪಾಲುದಾರರಿಗೆ ಹೇಳುವುದು ಇವತ್ತಿನ ಆರ್ಡರಿನಷ್ಟೇ ಮುಖ್ಯ. ಈಗ ತೇಜಸ್‌ನ ಹಿಂಭಾಗದ ಒಡಲು ಬೆಂಗಳೂರಿನಲ್ಲಿ, ಮಧ್ಯದ ಒಡಲು ಹೈದರಾಬಾದಿನಲ್ಲಿ, ರೆಕ್ಕೆಗಳು ಕೊಯಮತ್ತೂರಿನಲ್ಲಿ ಖಾಸಗಿ ಕಂಪನಿಗಳಿಂದ ತಯಾರಾಗುತ್ತಿವೆ. ಅವುಗಳ ಹಿಂದೆ ನಮ್ಮ ಸಣ್ಣ ಘಟಕಗಳೂ ಇರಬಹುದಾದ್ದರಿಂದ ಈ ಪಾಠ ನಮಗೆ ದೂರದ್ದಲ್ಲ.

ನೀವು ಇಂಥ ಸರಪಳಿಯಲ್ಲಿದ್ದರೆ ಒಂದು ಕಟ್ಟುನಿಟ್ಟು ಇರಲಿ. ನಕ್ಷೆಯ ಪರಿಷ್ಕರಣೆ ಸಂಖ್ಯೆ ಇಲ್ಲದ ಯಾವ ಆರ್ಡರನ್ನೂ ಯಂತ್ರಕ್ಕೆ ಏರಿಸಬೇಡಿ. ನಡುವೆ ನಕ್ಷೆ ಬದಲಾದರೆ ಅರ್ಧ ಮಾಡಿದ ಭಾಗಗಳ ವೆಚ್ಚ ಯಾರದು ಎಂದು ಮೊದಲೇ ಬರೆಸಿಕೊಳ್ಳಿ. ಸಾಧ್ಯವಾದರೆ ನಕ್ಷೆ ಅಂತಿಮವಾಗುವ ಮುಂಚೆಯೇ ನಿಮ್ಮ ಹಿರಿಯ ಮೆಷಿನಿಸ್ಟ್ ಒಬ್ಬರನ್ನು ಅವರ ವಿನ್ಯಾಸಕರ ಜೊತೆ ಕೂರಿಸಿ. ಒಳಮೂಲೆಯ ತ್ರಿಜ್ಯ ಸ್ವಲ್ಪ ಹೆಚ್ಚಿಸಿದರೆ ಕತ್ತರಿಸುವ ಸಮಯ ಎಷ್ಟು ಉಳಿಯುತ್ತದೆ ಎಂದು ಅವರು ಕ್ಷಣದಲ್ಲಿ ಹೇಳಬಲ್ಲರು.

ಅಚ್ಚು, ಪ್ಯಾಟರ್ನ್ (ಎರಕದ ಮಾದರಿ) ಯಾರದು?

ಹಣ ಕೊಟ್ಟವರದು. ಗ್ರಾಹಕ ಕಂಪನಿ ಟೂಲಿಂಗ್ ವೆಚ್ಚ ಕೊಟ್ಟಿದ್ದರೆ ಅದರದು, ಭಾಗದ ಬೆಲೆಯಲ್ಲಿ ಕಂತಾಗಿ ಸೇರಿಸಿದ್ದರೆ ಎಷ್ಟು ಸಂಖ್ಯೆಯ ನಂತರ ಒಡೆತನ ಬದಲಾಗುತ್ತದೆ ಎಂದು ಬರೆದಿರಬೇಕು. ದುರಸ್ತಿಯ ಖರ್ಚು ಯಾರದು ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಫೌಂಡ್ರಿಗಳಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದ ಪ್ಯಾಟರ್ನುಗಳು ಜಾಗ ಹಿಡಿದುಕೊಂಡಿರುತ್ತವೆ, ಅವನ್ನು ಇಡುವ ಬಾಡಿಗೆಯೂ ಮಾತಿಗೆ ಬರಲಿ.

ಗ್ರಾಹಕರೇ ಕೊಟ್ಟ ಉಕ್ಕಿನಲ್ಲಿ ಜಾಬ್ ವರ್ಕ್ ಮಾಡುತ್ತೇವೆ. ಜಿಎಸ್‌ಟಿಯಲ್ಲಿ ಗಮನಿಸಬೇಕಾದದ್ದು?

ಜಾಬ್ ವರ್ಕಿಗೆ ಕಳಿಸಿದ ಕಚ್ಚಾಮಾಲು ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಮರಳಬೇಕು. ಮರಳದಿದ್ದರೆ ಕಳಿಸಿದ ದಿನವೇ ಮಾರಾಟವಾದಂತೆ ಎಣಿಸಿ ತೆರಿಗೆ ಬೀಳುತ್ತದೆ. ಅಚ್ಚು, ಡೈ, ಜಿಗ್, ಫಿಕ್ಸ್ಚರ್‌ಗಳಿಗೆ ಈ ಗಡುವಿಲ್ಲ. ಹೊಣೆ ಕಳಿಸಿದವರದೇ ಆದರೂ ಲೆಕ್ಕ ತಾಳೆಯಾಗದಿದ್ದಾಗ ಡೆಬಿಟ್ ನೋಟ್ (ನಿಮಗೆ ಬರಬೇಕಾದ ಹಣದಲ್ಲಿ ಕಡಿತದ ಚೀಟಿ) ಬರುವುದು ನಿಮಗೆ. ಸ್ಕ್ರ್ಯಾಪ್ ಮತ್ತು ತಿರಸ್ಕೃತ ಭಾಗಗಳನ್ನೂ ಸೇರಿಸಿ ತಿಂಗಳಿಗೊಮ್ಮೆ ಎರಡೂ ಕಡೆಯವರು ಲೆಕ್ಕ ಒಪ್ಪಿ ಸಹಿ ಹಾಕಿ.

ಹಣ ತಡವಾದರೆ ಸಹಯೋಗದ ಮಾತಿಗೆ ಅರ್ಥವೇನು?

ಅರ್ಥವಿಲ್ಲ. ಕಾನೂನು ನಿಮ್ಮ ಪರವಾಗಿದೆ, ಅದನ್ನು ತಿಳಿದಿರಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಪಾವತಿಸುವವರೆಗೆ ಖರೀದಿದಾರ ಕಂಪನಿ ತನ್ನ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವನ್ನು 2023ರಲ್ಲಿ ಸೇರಿಸಲಾಯಿತು. ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೆ ಮುದ್ರಿಸಿ.

ದೂರು ಕೊಟ್ಟರೆ ಆರ್ಡರ್ ನಿಲ್ಲುತ್ತದೆ ಎಂಬ ಭಯ ಸುಳ್ಳಲ್ಲ. ಅದಕ್ಕೇ ಸಣ್ಣ ಉದ್ಯಮಗಳ ಬಿಲ್ಲುಗಳಿಗೆ ಬೇಗ ಹಣ ಸಿಗುವಂತೆ ಮಾಡುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆ ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ. ಗ್ರಾಹಕ ಕಂಪನಿ ಅಲ್ಲಿ ನಿಮ್ಮ ಬಿಲ್ಲನ್ನು ಒಪ್ಪಿದರೆ ಬ್ಯಾಂಕುಗಳು ಅದನ್ನು ರಿಯಾಯಿತಿ ದರದಲ್ಲಿ ಕೊಂಡು ನಿಮಗೆ ಕೂಡಲೇ ಹಣ ಕೊಡುತ್ತವೆ. ಬಡ್ಡಿ ನಿರ್ಧಾರವಾಗುವುದು ದೊಡ್ಡ ಕಂಪನಿಯ ವಿಶ್ವಾಸಾರ್ಹತೆಯ ಮೇಲೆ. 250 ಕೋಟಿ ರೂಪಾಯಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸುವುದು ಕಡ್ಡಾಯ. ನೋಂದಾಯಿಸಿಯೂ ಬಿಲ್ ಒಪ್ಪದೆ ಕಾಲ ತಳ್ಳುವವರಿದ್ದಾರೆ, ಹಾಗಾಗಿ ಇಷ್ಟು ದಿನಗಳೊಳಗೆ ಒಪ್ಪಬೇಕು ಎಂದು ಒಪ್ಪಂದದಲ್ಲೇ ಸೇರಿಸಿ.

ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಕೇ?

ಬೇಡ. ಎರಡೂ ಕಡೆಯವರು ನೋಡಬಹುದಾದ ಒಂದು ಹಂಚಿಕೆಯ ಸ್ಪ್ರೆಡ್‌ಶೀಟ್ ಸಾಕು. ವಾಟ್ಸ್‌ಆ್ಯಪ್ ಬೇಗ ತಲುಪುತ್ತದೆ, ಆದರೆ ಬದಲಾದ ಆರ್ಡರನ್ನು ಅದರಲ್ಲಿ ಮಾತ್ರ ಒಪ್ಪಿಕೊಳ್ಳಬೇಡಿ, ತಿದ್ದಿದ ಪಿಒ (ಖರೀದಿ ಆದೇಶ) ಬರಲೇಬೇಕು.

ವಾರದ ಸಭೆಯಲ್ಲಿ ಯಾರು ಕೂರಬೇಕು, ಏನು ಮಾತಾಡಬೇಕು?

ನಿಮ್ಮ ಮಾರಾಟದವರು ಮತ್ತು ಅವರ ಖರೀದಿಯವರು ಮಾತ್ರ ಕುಳಿತರೆ ಮಾತು ಬೆಲೆಗೆ ಹೋಗಿ ನಿಲ್ಲುತ್ತದೆ. ನಿಮ್ಮ ಉತ್ಪಾದನಾ ಯೋಜಕರು ಅವರ ಯೋಜಕರ ಜೊತೆ, ನಿಮ್ಮ ಗುಣಮಟ್ಟ ತಪಾಸಕರು ಅವರ ತಪಾಸಕರ ಜೊತೆ ನೇರವಾಗಿ ಮಾತಾಡಲಿ. ಅರ್ಧ ಗಂಟೆ ಸಾಕು. ಸ್ಟಾಕಿಗೆ ಮಾಡುವವರ ಜೊತೆ ಕಳೆದ ವಾರದ ನಿಜವಾದ ಬಳಕೆಯಿಂದ ಶುರುಮಾಡಿ. ಜೋಡಣೆಯವರ ಜೊತೆ ಮಾದರಿಗಳ ಮಿಶ್ರಣದಿಂದ, ಆರ್ಡರಿಗೆ ಮಾಡುವವರ ಜೊತೆ ಯಂತ್ರಗಳ ಸರದಿಯಿಂದ, ವಿನ್ಯಾಸದ ಕೆಲಸದವರ ಜೊತೆ ನಕ್ಷೆಯ ಬದಲಾವಣೆಗಳ ಪಟ್ಟಿಯಿಂದ. ಒಪ್ಪಿದ ಸಂಖ್ಯೆಗಳನ್ನು ಅಂದೇ ಸಂಜೆ ಇಮೇಲಿನಲ್ಲಿ ಕಳಿಸಿ, ಮರುದಿನ ಮಧ್ಯಾಹ್ನದೊಳಗೆ ಆಕ್ಷೇಪ ಬರದಿದ್ದರೆ ಅವೇ ಖಚಿತ ಎಂದು ಆ ಇಮೇಲಿನಲ್ಲಿಯೇ ಬರೆಯಿರಿ.